ಮಾಯಾ ಮಕ್ಕಳು ನೋಡಿಯೇ ಕಲಿಯುತ್ತಾರಂತೆ, ಹಾಗಾದರೆ ನಾನು ಮಾತು ನಿಲ್ಲಿಸಬೇಕೇ?

ಪ್ರಶ್ನೆ: ನನಗೆ ಇಬ್ಬರು ಮಕ್ಕಳು. ಮಗಳಿಗೆ ಆರು ವರ್ಷ, ಮಗನಿಗೆ ಇಪ್ಪತ್ತು ತಿಂಗಳು. ಮಗ ‘ಅಮ್ಮ’, ‘ಬಾ’, ‘ತಾ’ ಎನ್ನುವಂಥ ಮೂರು ನಾಲ್ಕು ಮಾತು ಬಿಟ್ಟರೆ ಬೇರೇನೂ ಆಡುವುದಿಲ್ಲ. ನಾನು ದಿನವಿಡೀ ಅವನ ಜೊತೆ ಮಾತನಾಡುತ್ತೇನೆ, ಹಣ್ಣು, ಪ್ರಾಣಿಗಳ ಚಿತ್ರದ ಕಾರ್ಡು ಹಿಡಿದು ಹೆಸರು ಹೇಳಿಸಲು ನೋಡುತ್ತೇನೆ. ಇತ್ತೀಚೆಗೆ ನನ್ನ ಯಜಮಾನರು ಒಂದು ಉಪನ್ಯಾಸದ ವಿಡಿಯೊ ನೋಡಿದರು. ಮಧ್ಯ ಅಮೆರಿಕದ ಮಾಯಾ ತಾಯಂದಿರು ಕೂಸುಗಳೊಂದಿಗೆ ಮಾತೇ ಆಡುವುದಿಲ್ಲ, ಏನನ್ನೂ ಹೇಳಿಕೊಡುವುದಿಲ್ಲ, ಆದರೂ ಅಲ್ಲಿನ ಮಕ್ಕಳು ನಮ್ಮ ಮಕ್ಕಳಿಗಿಂತ ಹೆಚ್ಚು ಗಮನವಿಟ್ಟು ಕಲಿಯುತ್ತಾರೆ ಎಂದು ಅದರಲ್ಲಿ ಹೇಳಿದ್ದಾರಂತೆ. ಅಂದಿನಿಂದ ಅವರು ‘ನೀನು ಸುಮ್ಮನಿರು, ಅವನೇ ಕಲಿಯುತ್ತಾನೆ’ ಎನ್ನುತ್ತಿದ್ದಾರೆ. ಅತ್ತೆಯವರ ಮಾತೂ ಅದೇ. ಮಗಳದು ಇನ್ನೊಂದು ತೊಂದರೆ. ಪಕ್ಕದಲ್ಲಿ ಕೂತು ಹೇಳಿಕೊಡದಿದ್ದರೆ ಅವಳು ಯಾವ ಕೆಲಸವನ್ನೂ ಮಾಡುವುದಿಲ್ಲ, ತಮ್ಮನಿಗೆ ಏನಾದರೂ ತೋರಿಸುತ್ತಿದ್ದರೆ ಸಿಡುಕುತ್ತಾಳೆ. ಅತಿಯಾಗಿ ಹೇಳಿಕೊಟ್ಟು ನಾನೇ ಮಕ್ಕಳನ್ನು ಕೆಡಿಸುತ್ತಿದ್ದೇನೆಯೇ?

ಉತ್ತರ: ಇಲ್ಲ, ನೀವು ಮಕ್ಕಳನ್ನು ಕೆಡಿಸುತ್ತಿಲ್ಲ. ಆದರೆ ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ವಿಷಯಗಳು ಒಂದಕ್ಕೊಂದು ತೊಡರಿಕೊಂಡಿವೆ. ಮಗನ ಮಾತು ತಡವಾಗಿರುವುದು ಒಂದು, ಮಕ್ಕಳು ಹೇಗೆ ಕಲಿಯುತ್ತಾರೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಮಾಯಾ ಸಂಶೋಧನೆಯಿಂದ ಸಮಾಧಾನ ತಂದುಕೊಳ್ಳುವುದು ಸರಿಯಲ್ಲ. ಇಪ್ಪತ್ತು ತಿಂಗಳಿಗೆ ಮೂರು ನಾಲ್ಕು ಪದ ಎಂದರೆ ಕಾದು ನೋಡುವ ಮಾತಲ್ಲ, ಪರೀಕ್ಷೆ ಮಾಡಿಸುವ ಮಾತು. ಅದರ ವಿವರಕ್ಕೆ ಕೊನೆಯಲ್ಲಿ ಬರುತ್ತೇನೆ. ಎರಡನೆಯ ವಿಷಯದಲ್ಲಿ ನಿಮ್ಮ ಯಜಮಾನರು ಕೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಸಂಸ್ಕೃತಿ ಮತ್ತು ಅರಿವಿನ ನಡುವಿನ ಸಂಬಂಧವನ್ನು ಬಹಳ ವರ್ಷಗಳಿಂದ ಓದುತ್ತ, ಕಲಿಸುತ್ತ ಬಂದವನಾಗಿ ನಾನು ಗಮನಿಸಿರುವುದೇನೆಂದರೆ, ಈ ಸಂಶೋಧನೆಗಳು ಪಾಲಕರ ಕಿವಿಗೆ ಬೀಳುವಷ್ಟರಲ್ಲಿ ಅವುಗಳ ಷರತ್ತುಗಳೆಲ್ಲ ಕಳಚಿಹೋಗಿ ಘೋಷಣೆಗಳು ಮಾತ್ರ ಉಳಿದಿರುತ್ತವೆ.

ಮೊದಲಿಗೆ, ‘ಮಾಯಾ’ ಎಂದರೆ ಒಂದು ಊರಲ್ಲ, ಒಂದು ಭಾಷೆಯೂ ಅಲ್ಲ. ಗ್ವಾಟೆಮಾಲಾ, ದಕ್ಷಿಣ ಮೆಕ್ಸಿಕೊ ಮತ್ತು ಬೆಲೀಜ್‌ನಲ್ಲಿ ಹರಡಿರುವ ಈ ಜನ ಇಂದಿಗೂ ಸುಮಾರು 30 ಭಾಷೆಗಳನ್ನಾಡುತ್ತಾರೆ. ನಿಮ್ಮ ಯಜಮಾನರು ಕೇಳಿದ ಉಪನ್ಯಾಸದಲ್ಲಿ ಕನಿಷ್ಠ ಮೂರು ಕಡೆಯ ಅಧ್ಯಯನಗಳು ಕಲಸಿಹೋಗಿರುವಂತೆ ತೋರುತ್ತದೆ: ಮೆಕ್ಸಿಕೊದ ಚಿಯಾಪಾಸ್ ರಾಜ್ಯದ ಬೆಟ್ಟಗಳ ಮೇಲಿರುವ ತೆನೆಹಾಪಾ, ಸಮತಟ್ಟಾದ ಯುಕಾತಾನ್‌ನ ಹಳ್ಳಿಗಳು, ಮತ್ತು ಗ್ವಾಟೆಮಾಲಾದ ಅತಿತ್ಲಾನ್ ಸರೋವರದ ದಂಡೆಯ ಸಾನ್ ಪೆದ್ರೊ ಲಾ ಲಗುನಾ.

‘ಕೂಸಿನೊಂದಿಗೆ ಮಾತಾಡುವುದಿಲ್ಲ’ ಎಂಬ ಮಾತಿನ ಮೂಲ ಹೆಚ್ಚಾಗಿ ತೆನೆಹಾಪಾ. ಅಲ್ಲಿನ ತ್ಸೆಲ್ತಾಲ್ ಭಾಷಿಕರ ನಡುವೆ ದಶಕಗಳ ಕಾಲ ಕೆಲಸ ಮಾಡಿದ ಪೆನೆಲೊಪಿ ಬ್ರೌನ್, ಅವರೊಂದಿಗೆ ಮಾರಿಸಾ ಕಸಿಯಾಸ್ ಮತ್ತು ಸ್ಟೀಫನ್ ಲೆವಿನ್‌ಸನ್ ಸೇರಿ, ಮೂರು ವರ್ಷದೊಳಗಿನ ಹತ್ತು ಮಕ್ಕಳ ಮೈಮೇಲೆ ಪುಟ್ಟ ಧ್ವನಿಮುದ್ರಣ ಯಂತ್ರ ಕಟ್ಟಿ ಇಡೀ ಹಗಲಿನ ಮಾತನ್ನೆಲ್ಲ ದಾಖಲಿಸಿದರು. 2020ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಮಗುವನ್ನೇ ಉದ್ದೇಶಿಸಿ ಆಡಿದ ಮಾತು ಗಂಟೆಗೆ ಸರಾಸರಿ ನಾಲ್ಕು ನಿಮಿಷಕ್ಕೂ ಕಡಿಮೆ. ಆದರೂ ತೊದಲು, ಮೊದಲ ಪದ, ಪದಗಳ ಜೋಡಣೆ ಎಲ್ಲವೂ ಬೇರೆಡೆಯ ಮಕ್ಕಳಲ್ಲಿ ಬರುವ ವಯಸ್ಸಿಗೇ ಬಂದವು. ಉಪನ್ಯಾಸಕರು ಇಲ್ಲಿಗೆ ನಿಲ್ಲಿಸಿರಬೇಕು. ಅದೇ ಅಧ್ಯಯನ ಇನ್ನೆರಡು ಸಂಗತಿಗಳನ್ನು ಹೇಳುತ್ತದೆ. ಆ ನಾಲ್ಕು ನಿಮಿಷದ ಮಾತು ದಿನವಿಡೀ ಸಮನಾಗಿ ಹರಡಿರಲಿಲ್ಲ, ಮಗುವಿನೊಂದಿಗೆ ಬಿರುಸಾಗಿ ಮಾತು-ಪ್ರತಿಮಾತು ನಡೆಯುವ ಸಣ್ಣ ಸಣ್ಣ ಹೊತ್ತುಗಳಲ್ಲಿ ಒಟ್ಟಾಗಿ ಬರುತ್ತಿತ್ತು. ಜೊತೆಗೆ, ಮಗುವಿನ ಸುತ್ತ ಬೇರೆಯವರು ಬೇರೆಯವರೊಂದಿಗೆ ಆಡುವ ಮಾತು ಅದರ ಹಲವು ಪಟ್ಟು ಇತ್ತು, ಏಕೆಂದರೆ ಆ ಕೂಸು ಶಾಲಿನಲ್ಲಿ ತಾಯಿಯ ಬೆನ್ನಿಗೆ ಅಂಟಿಕೊಂಡು, ಅಜ್ಜಿ, ಚಿಕ್ಕಮ್ಮ, ದಾಯಾದಿ ಮಕ್ಕಳೆಲ್ಲ ಇರುವ ಅಂಗಳದಲ್ಲಿ, ಕೆಲಸದ ನಟ್ಟನಡುವೆ ದಿನ ಕಳೆಯುತ್ತದೆ.

ಹಾಗಾದರೆ ಕೂಸು ಸುತ್ತಲಿನ ಮಾತು ಕೇಳಿಸಿಕೊಂಡೇ ಭಾಷೆ ಕಲಿಯುತ್ತದೆ ಎನ್ನೋಣವೇ? ಇಲ್ಲಿ ಇನ್ನೊಂದು ಮಾಯಾ ಅಧ್ಯಯನ ಅಡ್ಡ ಬರುತ್ತದೆ. ಲಾರಾ ಶ್ನೈಡ್‌ಮನ್ ಮತ್ತು ಸೂಸನ್ ಗೋಲ್ಡಿನ್-ಮೆಡೋ ಯುಕಾತಾನ್‌ನ ಹಳ್ಳಿಯೊಂದರಲ್ಲಿ ನಡೆಸಿ 2012ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, 24 ತಿಂಗಳ ವಯಸ್ಸಿನಲ್ಲಿ ದೊಡ್ಡವರು ಮಗುವಿಗೇ ನೇರವಾಗಿ ಆಡಿದ ಪದಗಳ ವೈವಿಧ್ಯ ಎಷ್ಟಿತ್ತೋ ಅದನ್ನು ನೋಡಿ ಆ ಮಗುವಿನ 35ನೇ ತಿಂಗಳ ಪದಸಂಪತ್ತನ್ನು ಅಂದಾಜಿಸಬಹುದಾಗಿತ್ತು. ಪಕ್ಕದಲ್ಲಿ ಕಿವಿಗೆ ಬಿದ್ದ ಮಾತಿನ ಮೊತ್ತದಿಂದ ಹಾಗೆ ಅಂದಾಜಿಸಲು ಬರಲಿಲ್ಲ. ಆ ಹಳ್ಳಿಯಲ್ಲಿ ಒಂದು ವರ್ಷದ ಕೂಸಿಗೆ ನೇರವಾಗಿ ಬರುವ ಮಾತು ಕಡಿಮೆಯಿದ್ದರೂ ಮಗು ಬೆಳೆದಂತೆ ಅದು ಏರುತ್ತ ಹೋಗುತ್ತದೆ, ಅದರಲ್ಲಿ ದೊಡ್ಡ ಪಾಲು ಅಣ್ಣ ಅಕ್ಕಂದಿರದು. ಆದ್ದರಿಂದ, ಭಾಷೆ ಶುರುವಾಗಲು ಬೇಕಾದ ನೇರ ಮಾತು ನಾವು ಅಂದುಕೊಂಡದ್ದಕ್ಕಿಂತ ಕಡಿಮೆ ಇದ್ದೀತು, ಆದರೆ ಪದಸಂಪತ್ತು ಬೆಳೆಯಲು ನೇರ ಮಾತು ಬೇಕು. ಈ ಎರಡು ಅಧ್ಯಯನಗಳನ್ನು ಎದುರುಬದುರು ಇಟ್ಟು ಓದಿದವರು ‘ಸುಮ್ಮನಿರು’ ಎಂಬ ಸಲಹೆ ಕೊಡಲಾರರು.

ಹೇಳಿಕೊಡುವುದೇ ಇಲ್ಲ ಎಂಬ ಎರಡನೆಯ ನಂಬಿಕೆಗೆ ಬರೋಣ. ಇದು ಮೂಡಿದ್ದು ಸಾನ್ ಪೆದ್ರೊದಲ್ಲಿ 1970ರ ದಶಕದಿಂದ ಕೆಲಸ ಮಾಡುತ್ತ ಬಂದ ಮನಶ್ಶಾಸ್ತ್ರಜ್ಞೆ ಬಾರ್ಬರಾ ರೊಗಾಫ್ ಮತ್ತು ಅವರ ಸಹೋದ್ಯೋಗಿಗಳ ಬರಹಗಳನ್ನು ಅವಸರದಲ್ಲಿ ಓದಿದ್ದರಿಂದ. ಮರಿಸೆಲಾ ಕೊರೆಯಾ-ಚಾವೆಸ್ ಮತ್ತು ರೊಗಾಫ್ 2009ರಲ್ಲಿ ಪ್ರಕಟಿಸಿದ ಪ್ರಯೋಗ ನಿಮ್ಮ ಮಗಳ ಸಿಡುಕಿಗೆ ನೇರವಾಗಿ ಸಂಬಂಧಿಸಿದ್ದು. ಒಬ್ಬ ಮಹಿಳೆ ಒಡಹುಟ್ಟಿದ ಇಬ್ಬರು ಮಕ್ಕಳಲ್ಲಿ ಒಬ್ಬರಿಗೆ ಒಂದು ಆಟಿಕೆ ಮಾಡುವುದನ್ನು ಹೇಳಿಕೊಡುತ್ತಾಳೆ, ಇನ್ನೊಂದು ಮಗು ತನ್ನ ಸರದಿಗಾಗಿ ಪಕ್ಕದಲ್ಲೇ ಕಾಯಬೇಕು. ಕಾಯುವ ಮಗುವಿಗೆ ‘ಇದನ್ನು ನೋಡು’ ಎಂದು ಯಾರೂ ಹೇಳುವುದಿಲ್ಲ. ಸಾಂಪ್ರದಾಯಿಕ ಮಾಯಾ ಮನೆಗಳ ಮಕ್ಕಳು ಹೆಚ್ಚಿನ ಹೊತ್ತು ಪಕ್ಕದ ಪಾಠವನ್ನೇ ಗಮನಿಸಿದರು, ಕೆಲವು ದಿನಗಳ ಬಳಿಕ ಅದೇ ಆಟಿಕೆ ಮಾಡು ಎಂದು ಅನಿರೀಕ್ಷಿತವಾಗಿ ಕೇಳಿದಾಗ ಹೆಚ್ಚು ಸಹಾಯವಿಲ್ಲದೆ ಮಾಡಿದರು. ಅಮೆರಿಕದ ಮಧ್ಯಮವರ್ಗದ ಮಕ್ಕಳು ಹೆಚ್ಚಾಗಿ ಅತ್ತಿತ್ತ ನೋಡುತ್ತ ಕೂತರು, ಇಲ್ಲವೇ ತಮ್ಮತ್ತ ಗಮನ ಸೆಳೆಯಲು ನೋಡಿದರು.

ಇಲ್ಲಿಂದ ‘ಮಾಯಾ ಮಕ್ಕಳ ಗಮನಶಕ್ತಿಯೇ ಬೇರೆ’ ಎಂಬ ತೀರ್ಮಾನಕ್ಕೆ ಹಾರುವುದು ಸುಲಭ. ಆದರೆ ಅದೇ ಪ್ರಯೋಗದಲ್ಲಿ ಅದೇ ಮಾಯಾ ಸಮುದಾಯದ ಇನ್ನೊಂದು ಗುಂಪೂ ಇತ್ತು: ತಾಯಂದಿರು ಹೆಚ್ಚು ವರ್ಷ ಶಾಲೆಯಲ್ಲಿ ಓದಿದ್ದ ಮನೆಗಳ ಮಕ್ಕಳು. ಅವರ ಗಮನ ಮೇಲಿನ ಎರಡು ಗುಂಪುಗಳ ನಡುವೆ ಎಲ್ಲೋ ನಿಂತಿತು. ಪಾಬ್ಲೊ ಚಾವಾಹಾಯ್ ಮತ್ತು ರೊಗಾಫ್ 2002ರಲ್ಲಿ ಮಾಯಾ ತಾಯಂದಿರಿಗೆ ಮೂವರು ಮಕ್ಕಳೊಂದಿಗೆ ತುಂಡುಗಳನ್ನು ಸೇರಿಸಿ ಮಾಡುವ ಒಂದು ಪಜಲ್ ಜೋಡಿಸಲು ಕೊಟ್ಟಾಗಲೂ ಇಂಥದ್ದೇ ಕಂಡಿತ್ತು. ಶಾಲೆಯನ್ನು ಅಷ್ಟಾಗಿ ಕಾಣದ ತಾಯಂದಿರ ಗುಂಪಿನಲ್ಲಿ ಎಲ್ಲರೂ ಒಂದೇ ಭಾಗದ ಮೇಲೆ ಒಟ್ಟಾಗಿ ಬಾಗಿ ಕೆಲಸ ಮಾಡಿದರೆ, ಹನ್ನೆರಡು ವರ್ಷ ಓದಿದ ತಾಯಂದಿರು ‘ನೀನು ಇದು ಮಾಡು, ಅವನು ಅದು ಮಾಡಲಿ’ ಎಂದು ಕೆಲಸ ಹಂಚುವುದು ಹೆಚ್ಚಾಗಿತ್ತು. ರಕ್ತವೂ ಒಂದೇ, ಊರೂ ಒಂದೇ. ಬದಲಾದದ್ದು ತಾಯಿ ಕಳೆದ ಶಾಲೆಯ ವರ್ಷಗಳು, ಅವುಗಳೊಂದಿಗೆ ಬಂದ ಬದುಕಿನ ರೀತಿ. ಒಬ್ಬ ಮೇಷ್ಟ್ರು, ಒಂದು ಸಲಕ್ಕೆ ಒಂದು ಮಗುವಿನತ್ತ ಪ್ರಶ್ನೆ, ಉಳಿದವರು ತಮ್ಮ ಸರದಿಗೆ ಕಾಯುವುದು ಎಂಬ ಶಾಲೆಯ ಏರ್ಪಾಡೇ ನಮ್ಮ ಮನೆಗಳಿಗೂ ಬಂದು ಕೂತಿದೆ. ನಿಮ್ಮ ಮಗಳು ತಮ್ಮನ ಪಾಠ ತನಗಲ್ಲ ಎಂದುಕೊಂಡು ಸಿಡುಕುವುದು ಆ ಏರ್ಪಾಡಿನಲ್ಲಿ ಬೆಳೆದ ಮಗು ಸಹಜವಾಗಿ ಮಾಡುವ ಕೆಲಸವೇ.

ಹೇಳಿಕೊಡುವುದಿಲ್ಲ ಎಂಬ ಮಾತು ಎಷ್ಟು ತಪ್ಪು ಎಂಬುದನ್ನು ನೋಡಲು ಚಿಯಾಪಾಸ್‌ನ ಸಿನಾಕಾಂತಾನ್‌ಗೆ ಹೋಗಬೇಕು. ತ್ಸೊತ್ಸಿಲ್ ಮಾಯಾ ಭಾಷೆಯಾಡುವ ಆ ಊರಿನ ಹೆಣ್ಣುಮಕ್ಕಳು ಸೊಂಟದ ಪಟ್ಟಿಯ ಮಗ್ಗದಲ್ಲಿ ನೇಯುತ್ತಾರೆ. ಮಗ್ಗದ ಒಂದು ತುದಿಯನ್ನು ಕಂಬಕ್ಕೋ ಮರಕ್ಕೋ ಕಟ್ಟಿ, ಇನ್ನೊಂದು ತುದಿಯ ಪಟ್ಟಿಯನ್ನು ನೇಯುವವಳು ಬೆನ್ನ ಹಿಂದೆ ಸುತ್ತಿಕೊಂಡು ಮಂಡಿಯೂರಿ ಕೂರುತ್ತಾಳೆ. ಮೈಯನ್ನು ಹಿಂದಕ್ಕೆ ಒರಗಿಸಿದರೆ ಹಾಸು, ಅಂದರೆ ಉದ್ದಕ್ಕೆ ಎಳೆದು ಕಟ್ಟಿದ ನೂಲುಗಳು, ಬಿಗಿಯಾಗುತ್ತದೆ, ಮುಂದಕ್ಕೆ ಬಾಗಿದರೆ ಸಡಿಲವಾಗುತ್ತದೆ, ಅಂದರೆ ಮೈಯೇ ಮಗ್ಗದ ಒಂದು ಭಾಗ. ಪೆಟ್ರೀಷಿಯಾ ಗ್ರೀನ್‌ಫೀಲ್ಡ್ ಮತ್ತು ಕಾರ್ಲಾ ಚೈಲ್ಡ್ಸ್ 1970ರಲ್ಲಿ ಇಲ್ಲಿ ಹುಡುಗಿಯರು ನೇಯ್ಗೆ ಕಲಿಯುವುದನ್ನು ಚಿತ್ರೀಕರಿಸಿದಾಗ, ಕಲಿಯುವವಳ ಮಗ್ಗದ ಮೇಲೆ ಎಷ್ಟೋ ಸಲ ನಾಲ್ಕು ಕೈಗಳಿದ್ದವು, ಎರಡು ಮಗುವಿನವು, ಎರಡು ತಾಯಿಯವು. ಮಗು ತಡವರಿಸುವ ಮೊದಲೇ ತಾಯಿಯ ಕೈ ಮುಂದೆ ಬರುತ್ತಿತ್ತು, ಮಾತು ಕಡಿಮೆ, ಅದೂ ಹೆಚ್ಚಾಗಿ ‘ಹೀಗೆ ಮಾಡು’ ಎಂಬಷ್ಟೇ. ಇದಕ್ಕೆ ಮುಂಚೆ, ಮೂರು ನಾಲ್ಕು ವರ್ಷಕ್ಕೇ ಮಗುವಿಗೆ ಆಟದ ಮಗ್ಗ ಸಿಕ್ಕಿರುತ್ತದೆ. ಅದರ ಎರಡು ಕೋಲುಗಳ ನಡುವೆ ನೂಲನ್ನು ನೇರವಾಗಿ ಸುತ್ತಬಹುದು, ಕಣ್ಣೆದುರು ಕಾಣುವುದೇ ಮುಂದೆ ಬಟ್ಟೆಯಾಗುವ ರೂಪ. ದೊಡ್ಡ ಮಗ್ಗದ ಹಾಸನ್ನು ಬೇರೆಯೇ ಒಂದು ಚೌಕಟ್ಟಿನಲ್ಲಿ ಮಡಿಕೆಯಾಗಿ ಸುತ್ತಬೇಕು, ಅದು ಮಗ್ಗಕ್ಕೇರಿದಾಗ ಎಷ್ಟು ಉದ್ದವಾಗುತ್ತದೆ, ಯಾವ ನೂಲು ಎಲ್ಲಿಗೆ ಬರುತ್ತದೆ ಎಂಬುದನ್ನು ಮನಸ್ಸಿನಲ್ಲೇ ತಿರುಗಿಸಿ ನೋಡಬೇಕು. ಅದನ್ನು ಅಲ್ಲಿನವರು ಮಗು ಇನ್ನಷ್ಟು ಬೆಳೆದ ಮೇಲೆಯೇ ಕೊಡುತ್ತಾರೆ. ಮಗುವಿನ ಅರಿವು ಎಷ್ಟು ಹೊರಬಲ್ಲದು ಎಂದು ತಿಳಿದು ಜೋಡಿಸಿದ ಪಠ್ಯಕ್ರಮವಲ್ಲವೇ ಇದು? ಅದು ಕಾಗದದ ಮೇಲಿಲ್ಲ, ಅಷ್ಟೇ.

ಗ್ರೀನ್‌ಫೀಲ್ಡ್ 1991ರಲ್ಲಿ ಮರಳಿ ಹೋಗಿ, ಮೊದಲು ಕಂಡಿದ್ದ ಹುಡುಗಿಯರ ಮಕ್ಕಳ ತಲೆಮಾರು ಕಲಿಯುವುದನ್ನು ನೋಡಿದರು. ಅಷ್ಟರಲ್ಲಿ ಊರು ಜೋಳದ ಬೇಸಾಯದಿಂದ ವ್ಯಾಪಾರದತ್ತ ಹೊರಳಿತ್ತು. ತಾಯಿಯ ಕೈ ಮಗ್ಗದಿಂದ ದೂರ ಸರಿದಿತ್ತು, ಹುಡುಗಿಯರು ತಪ್ಪು ಮಾಡುತ್ತ ತಿದ್ದಿಕೊಳ್ಳುತ್ತ ಹೆಚ್ಚು ಸ್ವತಂತ್ರವಾಗಿ ಕಲಿಯುತ್ತಿದ್ದರು, ಅದೂ ಬಟ್ಟೆಯ ವ್ಯಾಪಾರಕ್ಕೆ ಹೆಚ್ಚು ಇಳಿದ ಮನೆಗಳಲ್ಲಿ. ಹಿಂದೆ ಬೆರಳೆಣಿಕೆಯಷ್ಟಿದ್ದ ಕೆಂಪು-ಬಿಳಿ ಪಟ್ಟೆಗಳ ವಿನ್ಯಾಸದ ಜಾಗದಲ್ಲಿ ಹೂವಿನ ಕಸೂತಿಯ ಹೊಸ ಹೊಸ ವಿನ್ಯಾಸಗಳು ಬಂದಿದ್ದವು. ನೂಲು ದುಬಾರಿಯಾಗಿದ್ದು ವಿನ್ಯಾಸ ಬದಲಾಗಬಾರದು ಎಂದಿದ್ದ ಕಾಲದಲ್ಲಿ ತಪ್ಪನ್ನು ತಡೆಯುವ ಕಲಿಕೆ, ಹೊಸದಕ್ಕೆ ಬೆಲೆ ಬಂದ ಕಾಲದಲ್ಲಿ ಹುಡುಕಾಡುವ ಕಲಿಕೆ. ಅಂದರೆ ‘ಮಾಯಾ ಪದ್ಧತಿ’ ಎಂಬ ಕದಲದ ವಸ್ತುವೊಂದು ಇಲ್ಲ. ಬದುಕು ಬದಲಾದಂತೆ ಅವರ ಕಲಿಸುವ ರೀತಿಯೂ ಬದಲಾಗಿದೆ, ನಾವು ಅದನ್ನು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡುವುದು ಆ ಜನರಿಗೆ ಮಾಡುವ ಅನ್ಯಾಯ.

ನೆನಪಿನ ವಿಷಯವನ್ನೂ ಒಂದೆರಡು ಮಾತಿನಲ್ಲಿ ಮುಗಿಸುತ್ತೇನೆ, ಏಕೆಂದರೆ ಕಾರ್ಡುಗಳ ಪ್ರಶ್ನೆಗೆ ಅದು ಬೇಕು. ಸಂಬಂಧವಿಲ್ಲದ ಪದಗಳ ಪಟ್ಟಿ ಕೊಟ್ಟು ಒಪ್ಪಿಸಲು ಹೇಳುವ ಪರೀಕ್ಷೆಗಳಲ್ಲಿ ಶಾಲೆ ಕಡಿಮೆ ಕಂಡ ಮಕ್ಕಳು ಹಿಂದೆ ಬೀಳುವುದನ್ನು ನೋಡಿ, ಹಿಂದೆ ಕೆಲವರು ಅವರ ನೆನಪೇ ಕಡಿಮೆ ಎಂದು ಬರೆದರು. ರೊಗಾಫ್ ಮತ್ತು ವಾಡೆಲ್ 1982ರಲ್ಲಿ ಒಂಬತ್ತು ವರ್ಷದ ಮಕ್ಕಳ ಮುಂದೆ ಬೆಟ್ಟ, ಸರೋವರ, ಮನೆಗಳಿರುವ ಒಂದು ಪುಟ್ಟ ದೃಶ್ಯವಿಟ್ಟು, ಅದರಲ್ಲಿ 20 ವಸ್ತುಗಳನ್ನು ಜೋಡಿಸಿ ತೋರಿಸಿ, ತೆಗೆದು, ಮತ್ತೆ ಹಾಗೆಯೇ ಜೋಡಿಸಲು ಹೇಳಿದರು. ಮಾಯಾ ಮಕ್ಕಳು ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಮಕ್ಕಳಿಗಿಂತ ತುಸು ಚೆನ್ನಾಗಿಯೇ ಮಾಡಿದರು. ಅಮೆರಿಕದ ಕೆಲವು ಮಕ್ಕಳು ತುಟಿಯಾಡಿಸುತ್ತ ವಸ್ತುಗಳ ಹೆಸರನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದರಂತೆ, ಶಾಲೆಯ ಪಟ್ಟಿಗೆ ಒದಗುವ ಆ ಉಪಾಯ ಇಲ್ಲಿ ಅಷ್ಟೇನೂ ಕೆಲಸಕ್ಕೆ ಬರಲಿಲ್ಲ. ಯಾವ ಮಕ್ಕಳೂ ಮೇಲಲ್ಲ, ಕೀಳಲ್ಲ. ಅಭ್ಯಾಸವಾದ ಕೆಲಸದಲ್ಲಿ ನೆನಪು ಚುರುಕು.

ಈಗ ನಿಮ್ಮ ಮುಂದಿರುವ ದಾರಿಗಳು. ಯಜಮಾನರು ಹೇಳಿದಂತೆ ಮಾತು ನಿಲ್ಲಿಸುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ತೆನೆಹಾಪಾದ ಕೂಸು ಸುಮ್ಮನಿದ್ದರೂ ಅದರ ಸುತ್ತ ಹತ್ತು ಜನರ ಬದುಕು ನಡೆದಿರುತ್ತದೆ. ಒಬ್ಬರು ಕೆಲಸಕ್ಕೆ ಹೋಗಿ ಇನ್ನೊಬ್ಬರು ಮೊಬೈಲು ನೋಡುವ ಫ್ಲ್ಯಾಟಿನಲ್ಲಿ ತಾಯಿಯೂ ಮಾತು ನಿಲ್ಲಿಸಿದರೆ ಉಳಿಯುವುದು ಮೌನ ಮಾತ್ರ, ಮಾಯಾ ಅಂಗಳವಲ್ಲ. ಮಾತು ತಡವಾಗಿರುವ ಮಗುವಿಗಂತೂ ಕಳೆದ ತಿಂಗಳುಗಳು ದುಬಾರಿ.

ಕಾರ್ಡು ಹಿಡಿದು ‘ಇದೇನು ಹೇಳು, ಹೇಳು’ ಎಂದು ಕೇಳುತ್ತ ಹೋಗುವುದರಿಂದ ಹಾನಿಯೇನೂ ಇಲ್ಲ, ಆದರೆ ಇಪ್ಪತ್ತು ತಿಂಗಳ ಮಗುವಿಗೆ ಅದು ಪರೀಕ್ಷೆ. ಉತ್ತರ ಬಾರದಾಗ ತಾಯಿಯ ಮುಖ ಬಾಡುವುದನ್ನು ಅದು ಪದಕ್ಕಿಂತ ಬೇಗ ಕಲಿಯುತ್ತದೆ. ಕಾರ್ಡನ್ನು ಬದಿಗಿಟ್ಟು, ಅವನ ಕಣ್ಣು ಈಗ ಎಲ್ಲಿದೆಯೋ ಅದರ ಬಗ್ಗೆ ಒಂದು ಸಣ್ಣ ಮಾತಾಡಿ, ಆಮೇಲೆ ಅವನ ಸರದಿಗೆ ಕಾಯಿರಿ. ದಿನವಿಡೀ ನೀವೇ ಮಾತಾಡುತ್ತಿದ್ದರೆ ಅವನಿಗೆ ನುಸುಳಲು ಜಾಗವಿರುವುದಿಲ್ಲ. ತೆನೆಹಾಪಾದ ಆ ಕೆಲವೇ ನಿಮಿಷಗಳು ಮಾತು-ಪ್ರತಿಮಾತಿನವು ಎಂಬುದನ್ನು ಗಮನಿಸಿ.

ಮೂರನೆಯದು ನಾನು ಶಿಫಾರಸು ಮಾಡುವ ದಾರಿ. ಅದಕ್ಕೆ ಹೊತ್ತು ಬೇಕು, ತಾಳ್ಮೆ ಬೇಕು. ಮಕ್ಕಳನ್ನು ಮನೆಯ ನಿಜವಾದ ಕೆಲಸದ ಒಳಗೆ ಬಿಟ್ಟುಕೊಳ್ಳುವುದು. ರೊಗಾಫ್, ಜಯಂತಿ ಮಿಸ್ತ್ರಿ ಮತ್ತಿತರರು 1993ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ ಸಾನ್ ಪೆದ್ರೊ ಜೊತೆಗೆ ನಮ್ಮ ರಾಜಸ್ಥಾನದ ಧೋಲ್-ಕಿ-ಪಟ್ಟಿ ಎಂಬ ಬುಡಕಟ್ಟು ಹಳ್ಳಿಯೂ ಇತ್ತು. ಎರಡೂ ಕಡೆ ದೊಡ್ಡವರು ಪಾಠ ಮಾಡುವುದಕ್ಕಿಂತ ಹೆಚ್ಚಾಗಿ ಮಗುವಿನ ಪ್ರಯತ್ನಕ್ಕೆ ಒದಗಲು ಸಿದ್ಧರಾಗಿ ಪಕ್ಕದಲ್ಲಿರುತ್ತಿದ್ದರು. ಆದ್ದರಿಂದ ಈ ರೀತಿಗಾಗಿ ಸಮುದ್ರ ದಾಟಬೇಕಾಗಿಲ್ಲ, ನಿಮ್ಮ ಅತ್ತೆಯವರಿಗೂ ಇದು ಗೊತ್ತಿದ್ದೀತು. ಅವರು ಸೊಪ್ಪು ಬಿಡಿಸುವಾಗ, ಅವರೆಕಾಯಿ ಸುಲಿಯುವಾಗ ಇಬ್ಬರೂ ಮಕ್ಕಳು ಪಕ್ಕದಲ್ಲಿ ಕೂರಲಿ, ಮಗಳು ಸುಲಿದದ್ದು ಅಂದಿನ ಸಾರಿಗೇ ಬೀಳಲಿ. ಕಾಳು ಇಪ್ಪತ್ತು ತಿಂಗಳವನ ಮೂಗಿಗೋ ಗಂಟಲಿಗೋ ಹೋಗುವ ಅಪಾಯ ನಿಜವಾದದ್ದು, ಅವನಿಗೆ ಸಿಪ್ಪೆಯನ್ನು ಬುಟ್ಟಿಗೆ ಹಾಕುವ ಕೆಲಸವೇ ಸಾಕು, ಒಲೆ ಮತ್ತು ಚಾಕು ದೂರವಿರಲಿ.

ಮಗಳಿಗೆ ಪ್ರತ್ಯೇಕ ಪಾಠ ತಟ್ಟನೆ ನಿಲ್ಲಿಸಬೇಡಿ, ಅವಳು ಅದನ್ನು ಶಿಕ್ಷೆ ಎಂದುಕೊಳ್ಳುತ್ತಾಳೆ. ತಮ್ಮನಿಗೆ ಏನಾದರೂ ತೋರಿಸುವಾಗ ಅವಳನ್ನು ದೂರ ಕಳಿಸದೆ ಜೊತೆಗಿರಿಸಿಕೊಳ್ಳಿ, ‘ನೀನು ಕಲಿತೆಯಾ’ ಎಂದು ಕೇಳಬೇಡಿ. ಕ್ರಿಸ್ಟೀನ್ ಮೋಸಿಯರ್ ಮತ್ತು ರೊಗಾಫ್ 2003ರಲ್ಲಿ ತೋರಿಸಿದಂತೆ, ಸಾನ್ ಪೆದ್ರೊದಲ್ಲಿ ಎಳೆಯ ಮಗುವಿಗೆ ಇನ್ನೂ ನಿಯಮ ತಿಳಿಯದು ಎಂದು ಎಲ್ಲರೂ ಬಿಟ್ಟುಕೊಡುತ್ತಾರೆ, ಮೂರರಿಂದ ಐದು ವರ್ಷದ ಅಕ್ಕ ಅಣ್ಣಂದಿರೂ ಬಹುಪಾಲು ಯಾರೂ ಹೇಳದೆಯೇ ಬಿಟ್ಟುಕೊಡುತ್ತಾರೆ, ಏಕೆಂದರೆ ಅವರಿಗೂ ಆ ವಯಸ್ಸಿನಲ್ಲಿ ಮನೆಯವರೆಲ್ಲ ಹಾಗೆಯೇ ಬಿಟ್ಟುಕೊಟ್ಟಿರುತ್ತಾರೆ. ಇದನ್ನು ಆರು ವರ್ಷದವಳಿಗೆ ಈಗ ಆಜ್ಞೆಯಾಗಿ ಹೇರಿದರೆ ಫಲ ಸಿಗದು. ಇನ್ನೊಂದು ಎಚ್ಚರಿಕೆ: ‘ಕೆಲಸದಲ್ಲಿ ಸೇರಿಸಿಕೊಳ್ಳುವುದು’ ನಮ್ಮಲ್ಲಿ ಬಹಳ ಬೇಗ ‘ಹೆಣ್ಣುಮಗು, ಮಾಡಲಿ’ ಎಂದಾಗಿಬಿಡುತ್ತದೆ. ಇಂಥ ಉಪನ್ಯಾಸ ಕೇಳಿ ಬಂದ ತಂದೆಯಂದಿರನ್ನು ನಾನು ಕೇಳುವ ಮೊದಲ ಪ್ರಶ್ನೆ, ಸಂಜೆ ಯಾವ ಕೆಲಸದ ಪಕ್ಕದಲ್ಲಿ ನೀವು ಮಕ್ಕಳನ್ನು ಕೂರಿಸಿಕೊಳ್ಳುತ್ತೀರಿ ಎಂಬುದು.

ಮಾಯಾ ಬಾಲ್ಯವನ್ನು ಸ್ವರ್ಗವೆಂದು ಬಣ್ಣಿಸುವವರಿಗೂ ಒಂದು ಮಾತು. ಗ್ವಾಟೆಮಾಲಾದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ದೀರ್ಘಕಾಲದ ಅಪೌಷ್ಟಿಕತೆಯಿಂದ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, ಮೂಲನಿವಾಸಿ ಮಕ್ಕಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಅಲ್ಲಿನ ತಂದೆತಾಯಂದಿರು ಮಕ್ಕಳನ್ನು ಶಾಲೆಗೆ ಕಳಿಸಲು ಹೆಣಗುವುದಕ್ಕೆ ಕಾರಣಗಳಿವೆ.

ಇನ್ನು ಮಗನ ಪರೀಕ್ಷೆ. ಸಾಮಾನ್ಯವಾಗಿ 18 ತಿಂಗಳ ಹೊತ್ತಿಗೆ ಹತ್ತರಷ್ಟು ಪದಗಳನ್ನೂ, 24 ತಿಂಗಳ ಹೊತ್ತಿಗೆ ಸುಮಾರು 50 ಪದಗಳನ್ನೂ ‘ಅಮ್ಮ ಬಾ’ ಎಂಬಂಥ ಜೋಡಣೆಯನ್ನೂ ನಿರೀಕ್ಷಿಸುತ್ತೇವೆ. ಪದಗಳಿಗಿಂತ ನಾನು ಮೊದಲು ಕೇಳುವುದು ಬೆರಳಿನ ಬಗ್ಗೆ. ತ್ಸೆಲ್ತಾಲ್ ಮತ್ತು ಯುಕಾತಾನ್ ಸೇರಿ ಏಳು ಕಡೆಯ ಮಕ್ಕಳನ್ನು ಹೋಲಿಸಿ ಉಲ್ಫ್ ಲಿಸ್ಕೋವ್‌ಸ್ಕಿ, ಬ್ರೌನ್ ಮೊದಲಾದವರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೊಡ್ಡವರು ಹೆಚ್ಚು ಮಾತಾಡಿಸುವ ಊರಿರಲಿ, ಕಡಿಮೆ ಮಾತಾಡಿಸುವ ಊರಿರಲಿ, ಒಂದು ವರ್ಷದ ಆಸುಪಾಸಿಗೆ ಮಕ್ಕಳು ಬೆರಳು ಚಾಚಿ ತೋರಿಸುತ್ತಿದ್ದರು. ಮಾತಾಡಿಸುವ ರೀತಿ ಸಂಸ್ಕೃತಿಯಿಂದ ಸಂಸ್ಕೃತಿಗೆ ಬೇರೆಯಾದರೂ ಬೆರಳು ತೋರುವುದು ಎಲ್ಲ ಕಡೆ ಬಂದಿತ್ತು. ಆದ್ದರಿಂದ ನಿಮ್ಮ ಮಗ ಆಕಾಶದ ವಿಮಾನವನ್ನೋ ಬೀದಿಯ ನಾಯಿಯನ್ನೋ ತೋರಿಸಿ ನಿಮ್ಮ ಮುಖ ನೋಡುತ್ತಾನೆಯೇ, ಬೆನ್ನ ಹಿಂದಿನಿಂದ ಮೆಲ್ಲಗೆ ಕರೆದರೆ ತಿರುಗುತ್ತಾನೆಯೇ, ‘ಚಪ್ಪಲಿ ತಾ’ ಎಂದರೆ ಸನ್ನೆ ಇಲ್ಲದೆಯೇ ತರುತ್ತಾನೆಯೇ ಎಂಬುದನ್ನು ಒಂದು ವಾರ ಗಮನಿಸಿ ಬರೆದಿಡಿ. ಇವೆಲ್ಲ ಇದ್ದರೆ ಆತಂಕ ಕಡಿಮೆ, ಇಲ್ಲದಿದ್ದರೆ ಅವಸರ ಹೆಚ್ಚು. ಎರಡೂ ಸಂದರ್ಭಗಳಲ್ಲಿ ಶ್ರವಣ ಪರೀಕ್ಷೆ ಬೇಕೇ ಬೇಕು, ಪದೇ ಪದೇ ಕಿವಿ ಸೋರುವ ಮಕ್ಕಳಿಗೆ ಅರ್ಧಂಬರ್ಧ ಕೇಳಿಸುವುದು ಮನೆಯವರ ಗಮನಕ್ಕೆ ಬಾರದೆ ಹೋಗುವುದು ಅಪರೂಪವಲ್ಲ. ನಿಮ್ಮ ಮಕ್ಕಳ ವೈದ್ಯರಿಂದ ಚೀಟಿ ಪಡೆದು ಹತ್ತಿರದ ಜಿಲ್ಲಾಸ್ಪತ್ರೆಗೆ ಹೋಗಬಹುದು, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೂ ಹೋಗಬಹುದು. ಬರೆದಿಟ್ಟ ಪಟ್ಟಿಯ ಜೊತೆಗೆ ಅವನು ಆಡುವ ಪದಗಳನ್ನೂ, ಮನೆಯಲ್ಲಿ ಯಾರು ಯಾವ ಭಾಷೆಯಲ್ಲಿ ಅವನನ್ನು ಮಾತಾಡಿಸುತ್ತಾರೆ ಎಂಬುದನ್ನೂ ಗುರುತು ಮಾಡಿಕೊಂಡು ಹೋಗಿ, ಅಲ್ಲಿನವರು ಮೊದಲು ಕೇಳುವುದು ಅದನ್ನೇ.